ಸಾರಿಗೆ ಬೆರೆಸುವ ಆ ಪುಡಿ ಮಾತ್ರ ತರಬೇಡಿ

'ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ.' ಬಸ್ ಸ್ಟ್ಯಾಂಡ್ ಗೋಡೆಯಲ್ಲಿ, ಕರೆಂಟ್ ಕಂಬದಲ್ಲಿ, ಈಗ ಮೊಬೈಲಿನಲ್ಲೂ ಈ ಜಾಹೀರಾತು ನೋಡಿರುತ್ತೀರಿ. ನಮ್ಮತ್ತಿಗೆ ಅದನ್ನು ನಂಬಿದರು. ನಂಬದೆ ಇನ್ನೇನು ಮಾಡುತ್ತಾರೆ?

ಅಣ್ಣ ಕುಡಿಯೋಕೆ ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ಸಾರಾಯಿ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವರಿಗೆ ಕಾಯಿ ಒಡೆಸಿದ್ದಳು. ಅಣ್ಣ ತೊಂಬತ್ತು ಎಂಎಲ್ ವಿಸ್ಕಿ ಪ್ಯಾಕೆಟ್‌ಗೆ ಹೊರಳಿದ, ಅಷ್ಟೇ. ಗಾರೆ ಕೆಲಸದ ಕೂಲಿಯಲ್ಲಿ ಅರ್ಧ ಅಲ್ಲೇ ಮುಗಿಯುತ್ತಿತ್ತು. ಅತ್ತಿಗೆಯ ಓಲೆ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ.

ಪುಡಿ ಪೋಸ್ಟಿನಲ್ಲಿ ಬಂತು. ಚಿಕ್ಕ ಚಿಕ್ಕ ಪೊಟ್ಟಣ, ಬಿಳಿ ಪುಡಿ. ಹೆಸರಿಲ್ಲ, ತಯಾರಿಸಿದವರ ವಿಳಾಸವಿಲ್ಲ. ಫೋನ್ ಮಾಡಿದರೆ 'ಬರೀ ಆಯುರ್ವೇದ, ಏನೂ ಆಗಲ್ಲಮ್ಮ' ಅಂದರಂತೆ. ದಿನಾ ಬೆಳಿಗ್ಗೆ ಸಾರಿಗೆ ಒಂದು ಪೊಟ್ಟಣ.

ನಾಲ್ಕನೇ ದಿನ ಸಂಜೆ ಅಣ್ಣ ಎಂದಿನಂತೆ ಕುಡಿದು ಬಂದ. ಚಪ್ಪಲಿ ಬಿಡುವಷ್ಟರಲ್ಲೇ ಮುಖ, ಕತ್ತು, ಕಣ್ಣು ಎಲ್ಲಾ ಕೆಂಪಗಾಗಿತ್ತು. ಎದೆ ಹಿಡಿದುಕೊಂಡು ಜಗುಲಿ ಮೇಲೆ ಕೂತ. ವಾಂತಿಯ ಮೇಲೆ ವಾಂತಿ. ಬೆವರಿಗೆ ಅಂಗಿ ಪೂರ್ತಿ ಒದ್ದೆ. ಹಾರ್ಟ್ ಅಟ್ಯಾಕ್ ಅಂದುಕೊಂಡೇ ಆಟೋ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಬಿಪಿ ತೀರಾ ಇಳಿದಿತ್ತು. 'ಏನು ತಿಂದಿದ್ದರು? ಯಾವುದಾದ್ರೂ ಮಾತ್ರೆ?' ಅಂತ ಡಾಕ್ಟರು ಮೂರು ಸಲ ಕೇಳಿದರು. ಅತ್ತಿಗೆ ಸೆರಗು ಕಚ್ಚಿಕೊಂಡು ನಿಂತೇ ಇದ್ದರು. ಅರ್ಧ ಗಂಟೆ ಹೀಗೇ ಹೋಯಿತು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು, 'ನಾನೇ ಹಾಕ್ದೆ, ಯಾರಿಗೂ ಹೇಳ್ಬೇಡಿ' ಅಂದರು. ನಾನು ಒಳಗೆ ಓಡಿ ಹೇಳಿಬಿಟ್ಟೆ.

ಲಕ್ಷಣ ನೋಡಿ ಅದರಲ್ಲಿ ಡೈಸಲ್ಫಿರಾಮ್ ಇರಬೇಕು ಅಂದರು ಡಾಕ್ಟರು. ಅದು ಕುಡಿತ ಬಿಡಿಸಲು ಕೊಡುವ ನಿಜವಾದ ಔಷಧಿಯೇ. ಆದರೆ ಕುಡಿಯುವವನು ತಾನೇ ಒಪ್ಪಬೇಕು, ಲಿವರ್ ಪರೀಕ್ಷೆ ಮಾಡಿರಬೇಕು, ಹೆಂಡ ಮುಟ್ಟಿ ಕಡಿಮೆಯೆಂದರೂ ಹನ್ನೆರಡು ಗಂಟೆ ಕಳೆದಿರಬೇಕು, ಆಮೇಲಷ್ಟೇ ಕೊಡುವುದು. ಅದು ಮೈಯಲ್ಲಿರುವಾಗ ಕುಡಿದರೆ ಹೆಂಡ ಪೂರ್ತಿ ಕರಗದೆ ನಡುವೆಯೇ ವಿಷವಾಗಿ ನಿಲ್ಲುತ್ತದೆ. ಮಾತ್ರೆ ಬಿಟ್ಟ ಎರಡು ವಾರದವರೆಗೂ ಈ ಅಪಾಯ ಇರುತ್ತದಂತೆ. ಹೆಂಡದಂಶ ಇರುವ ಕೆಮ್ಮಿನ ಸಿರಪ್ಪೂ ಸಾಕಂತೆ!

ಇಷ್ಟಕ್ಕೇ ಮುಗಿಯಲಿಲ್ಲ. ಅಡ್ಮಿಟ್ ಆದ ಮೂರನೇ ರಾತ್ರಿ ಅಣ್ಣನ ಕೈ ನಡುಗತೊಡಗಿತು. ಹೊದಿಕೆ ಮೇಲೆ ಇರುವೆ ಹರೀತಿವೆ ಅಂತ ಒಂದೊಂದಾಗಿ ಆರಿಸಿ ಕೆಳಗೆ ಹಾಕುತ್ತಿದ್ದ. ಅಲ್ಲಿ ಇರುವೆಯೇ ಇರಲಿಲ್ಲ. ದಿನಾ ಕುಡಿದ ಮೈಗೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಫಿಟ್ಸ್ ಬರಬಹುದು, ಜೀವವೂ ಹೋಗಬಹುದು ಅಂತ ನನಗೆ ಗೊತ್ತಾಗಿದ್ದೇ ಆವತ್ತು. ರೂಮಿನಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೀವಿ ಅನ್ನುವವರ ಮಾತು ಕೇಳುವ ಮುಂಚೆ ಇದು ನೆನಪಿರಲಿ.

ಮನೆಯಲ್ಲಿ ಇಂಥ ಕಷ್ಟ ಇದ್ದರೆ 14446ಕ್ಕೆ ಫೋನ್ ಮಾಡಿ, ಅದು ಚಟ ಬಿಡಿಸುವ ಸಹಾಯವಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಬೇರೆ ವಿಭಾಗ ಇದೆ. ಅವನು ಬರಲ್ಲ ಅಂದರೆ ಮೊದಲು ನೀವೇ ಹೋಗಿ ಕೇಳಿ, ನಾವೂ ಹಾಗೇ ಶುರು ಮಾಡಬೇಕಿತ್ತು.

ಅಣ್ಣ ಈಗ ಕುಡಿತ ಕಡಿಮೆ ಮಾಡಿದ್ದಾನೆ, ಬಿಟ್ಟಿಲ್ಲ. ಅತ್ತಿಗೆ ಜೊತೆ ಜಗಳವೂ ಇಲ್ಲ. ಆದರೆ ಊಟಕ್ಕೆ ಕೂತಾಗ ಸಾರು ಬಡಿಸಿದರೆ ಕೈ ಹಾಕುವುದಿಲ್ಲ. ಮಗಳು ಒಂದು ತುತ್ತು ತಿನ್ನಲಿ ಅಂತ ಕಾಯುತ್ತಾನೆ.