ಸುದರ್ಶನ್ ಚಿತ್ರಫಲಕಗಳು: ಒಂದು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಸೈದ್ಧಾಂತಿಕ ಕಣ ಭೌತವಿಜ್ಞಾನಿ ಇ. ಸಿ. ಜಿ. ಸುದರ್ಶನ್ ಅವರ ಬದುಕು ಮತ್ತು ಸಂಶೋಧನೆಯನ್ನು ಕುರಿತ ಹನ್ನೆರಡು ಕನ್ನಡ ಚಿತ್ರಫಲಕಗಳ ಗುಚ್ಛವೊಂದನ್ನು ಬೆಂಗಳೂರಿನ ಸಣ್ಣ ಮುದ್ರಣಾಲಯವೊಂದು ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗಾಗಿ ಸಿದ್ಧಪಡಿಸಿದೆ. ವಿರಾಜಪೇಟೆ ಕಡೆಯ ನಮ್ಮ ಶಾಲೆಗೆ ಇದನ್ನು ತರಿಸಿ, ಮಳೆ ಹಿಡಿಯುವ ಮೊದಲೇ ಪ್ರಯೋಗಾಲಯದ ಮುಂದಿನ ಪಡಸಾಲೆಯಲ್ಲಿ ತೂಗುಹಾಕಿದೆವು. ಕೊಡಗಿನ ಶಾಲೆಗಳ ಗೋಡೆಯ ಮೇಲೆ ಕಾರ್ಯಪ್ಪನವರೂ ತಿಮ್ಮಯ್ಯನವರೂ ಇರುವುದು ಸಹಜವೇ. ವಿಜ್ಞಾನಿಗಳ ಸಾಲು ಮಾತ್ರ ಸಾಮಾನ್ಯವಾಗಿ ರಾಮನ್ ಮತ್ತು ಕಲಾಂ ಅವರಲ್ಲಿಗೆ ಮುಗಿದುಹೋಗುತ್ತದೆ. ಪ್ರಯೋಗಾಲಯದ ಉಪಕರಣವನ್ನೇ ಮುಟ್ಟದೆ, ಕಾಗದದ ಮೇಲಿನ ಸಮೀಕರಣಗಳಿಂದ ನಿಸರ್ಗದ ನಿಯಮವೊಂದನ್ನು ಕಂಡವರೊಬ್ಬರನ್ನು ಮಕ್ಕಳೆದುರು ನಿಲ್ಲಿಸಲು ಹೊರಟಿರುವುದು ಧೈರ್ಯದ ಆಯ್ಕೆ.

ವಸ್ತುವಿನ ಗುಣಮಟ್ಟವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯವರಿಗೆ ಅದು ಮುಖ್ಯ. ಸನ್‌ಬೋರ್ಡಿನ ಮೇಲೆ ವಿನೈಲ್ ಮುದ್ರಣ ಅಂಟಿಸಿ ಹೊಳಪಿಲ್ಲದ ಲ್ಯಾಮಿನೇಷನ್ ಮಾಡಿದ್ದಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಫಲಕಗಳು ಬಾಗಲಿಲ್ಲ, ಬಣ್ಣ ಹರಡಲಿಲ್ಲ, ಹಿಂಬದಿಗೆ ಹಿಡಿದ ಬೂಷ್ಟು ಒಣ ಬಟ್ಟೆಯಿಂದ ಒರೆಸಿದರೆ ಹೋಯಿತು. ಜೊತೆಗೆ ಕೊಟ್ಟ ಕಬ್ಬಿಣದ ಕೊಕ್ಕೆಗಳು ಮಾತ್ರ ತುಕ್ಕು ಹಿಡಿದು ಗೋಡೆಗೆ ಕಲೆ ಮಾಡಿದವು. ಕೊಳ್ಳುವವರು ಅವನ್ನು ಬದಿಗಿಟ್ಟು ನೈಲಾನ್ ಹಗ್ಗ ಬಳಸುವುದು ಒಳ್ಳೆಯದು. ಅಕ್ಷರಗಳು ಸಾಕಷ್ಟು ದೊಡ್ಡವು, ಅಚ್ಚಿನ ತಪ್ಪುಗಳು ಕಡಿಮೆ.

ಮೊದಲ ನಾಲ್ಕು ಫಲಕಗಳು ಜೀವನಚರಿತ್ರೆಗೆ ಮೀಸಲಾಗಿವೆ. 1931ರ ಸೆಪ್ಟೆಂಬರ್ 16ರಂದು ಕೊಟ್ಟಾಯಂ ಬಳಿಯ ಪಳ್ಳಂನಲ್ಲಿ ಜನನ, ಕೊಟ್ಟಾಯಂ ಮತ್ತು ಮದರಾಸುಗಳಲ್ಲಿ ಓದು, ಅನಂತರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರ ಕಾಲದಲ್ಲಿ ಕೆಲಸ, ಅಲ್ಲಿ ಕ್ವಾಂಟಮ್ ಭೌತವಿಜ್ಞಾನಿ ಡಿರಾಕ್ ನೀಡಿದ ಉಪನ್ಯಾಸಗಳ ಟಿಪ್ಪಣಿಯನ್ನು ಸಿದ್ಧಪಡಿಸಿದವರಲ್ಲಿ ಒಬ್ಬರಾದದ್ದು, ಆಮೇಲೆ ಭೌತವಿಜ್ಞಾನಿ ರಾಬರ್ಟ್ ಮಾರ್ಷಾಕ್ ಅವರ ಬಳಿ ಸಂಶೋಧನೆಗೆಂದು ಅಮೆರಿಕದ ರಾಚೆಸ್ಟರ್‌ಗೆ ಪ್ರಯಾಣ. ಎಲ್ಲವೂ ಅಚ್ಚುಕಟ್ಟಾಗಿದೆ, ಆದರೆ ಎಲ್ಲಿಯೂ ನಿಲ್ಲುವುದಿಲ್ಲ. ಮಲಯಾಳಂ ಮನೆಮಾತಿನ ಮಕ್ಕಳು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಮಾಕುಟ್ಟದ ಘಟ್ಟ ಇಳಿದರೆ ಸಿಗುವ ರಾಜ್ಯದ ಹುಡುಗನೊಬ್ಬನ ಕಥೆ ಎಂದು ಅವರು ಈ ಭಾಗವನ್ನೇ ಹೆಚ್ಚು ಓದಿದ್ದನ್ನು ಗಮನಿಸಿದ್ದೇನೆ.

ಗುಚ್ಛದ ನಿಜವಾದ ಬೆಲೆ ಇರುವುದು ಐದು ಮತ್ತು ಆರನೆಯ ಫಲಕಗಳಲ್ಲಿ. 1956ರಲ್ಲಿ ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ ಅವರು, ಬೀಟಾ ಕ್ಷಯಕ್ಕೆ (ಪರಮಾಣು ಬೀಜವೊಂದು ಎಲೆಕ್ಟ್ರಾನ್ ಹೊರಸೂಸಿ ಬದಲಾಗುವುದಕ್ಕೆ) ಕಾರಣವಾದ ದುರ್ಬಲ ಬಲವು ಎಡಗಡೆ ಬಲಗಡೆಗಳನ್ನು ಒಂದೇ ರೀತಿ ಕಾಣುತ್ತದೆ ಎಂಬುದಕ್ಕೆ ಪುರಾವೆಯೇ ಇಲ್ಲವೆಂದು ತೋರಿಸಿದರು. ವೂ ಅವರು ಕೋಬಾಲ್ಟ್-60 ಬಳಸಿ ನಡೆಸಿದ ಪ್ರಯೋಗದ ಫಲಿತಾಂಶವು 1957ರ ಆರಂಭದಲ್ಲಿ ಹೊರಬಿದ್ದು, ಆ ಸಮಾನತೆ ನಿಜಕ್ಕೂ ಇಲ್ಲವೆಂದು ಸಾಬೀತಾಯಿತು. ಐದನೆಯ ಫಲಕ ಇದನ್ನು ಕನ್ನಡಿಯ ಮುಂದೆ ತಿರುಗುವ ಬುಗುರಿಯ ಚಿತ್ರದಿಂದ ವಿವರಿಸುತ್ತದೆ: ಕನ್ನಡಿಯಲ್ಲಿ ಕಾಣುವ ಬುಗುರಿ ವಿರುದ್ಧ ದಿಕ್ಕಿಗೆ ಸುತ್ತುತ್ತದೆ, ನಮ್ಮ ಲೋಕದಲ್ಲಿ ಅಂಥ ಬುಗುರಿಗೂ ಎಡೆಯಿದೆ, ಆದರೆ ದುರ್ಬಲ ಬಲವು ಕನ್ನಡಿಯೊಳಗಿನ ಬುಗುರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಗೂ ಇದು ಅರ್ಥವಾಯಿತು.

ಆರನೆಯ ಫಲಕ ಅಲ್ಲಿಂದ ಮುಂದುವರಿಯುತ್ತದೆ. ದುರ್ಬಲ ಬಲದ ಗಣಿತ ರೂಪಕ್ಕೆ ಆಗ ಐದು ಸಾಧ್ಯತೆಗಳಿದ್ದವು: ಸ್ಕೇಲಾರ್, ವೆಕ್ಟರ್, ಟೆನ್ಸರ್, ಆಕ್ಸಿಯಲ್ ವೆಕ್ಟರ್ ಮತ್ತು ಸ್ಯೂಡೋಸ್ಕೇಲಾರ್. ಬೇರೆ ಬೇರೆ ಪ್ರಯೋಗಗಳು ಬೇರೆ ಬೇರೆ ರೂಪಗಳತ್ತ ಕೈತೋರಿಸುತ್ತಿದ್ದವು. ಲಭ್ಯವಿದ್ದ ಎಲ್ಲ ಮಾಹಿತಿಯನ್ನೂ ಎದುರಿಗಿಟ್ಟುಕೊಂಡು ಪರಿಶೀಲಿಸಿದ ಸುದರ್ಶನ್ ಮತ್ತು ಮಾರ್ಷಾಕ್, ಬೀಟಾ ಕ್ಷಯವೂ, ಎಲೆಕ್ಟ್ರಾನಿನಂಥದೇ ಆದರೆ ಹೆಚ್ಚು ಭಾರದ ಮ್ಯೂಯಾನ್ ಕಣದ ಕ್ಷಯವೂ ಸೇರಿದಂತೆ ಎಲ್ಲಕ್ಕೂ ಒಂದೇ ರೂಪ ಹೊಂದಬೇಕಾದರೆ ಅದು ವೆಕ್ಟರ್‌ನಿಂದ ಆಕ್ಸಿಯಲ್ ವೆಕ್ಟರ್ ಅನ್ನು ಕಳೆದದ್ದೇ, ಅಂದರೆ 'ವಿ ಮೈನಸ್ ಎ' ಆಗಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಇದಕ್ಕೆ ಹೊಂದದ ನಾಲ್ಕು ಪ್ರಯೋಗಗಳಿದ್ದವು. ಅವನ್ನು ಮತ್ತೆ ಮಾಡಿ ನೋಡಬೇಕು ಎಂದು ಅವರು ಬರೆದರು. ಇಪ್ಪತ್ತಾರರ ಪ್ರಾಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನ ಗುರುವಿನೊಂದಿಗೆ ಸೇರಿ, ಸಿದ್ಧಾಂತ ಸರಿ, ಅಳತೆ ತಪ್ಪಿರಬೇಕು ಎಂದು ಹೇಳಿದ್ದು ಸಣ್ಣ ಮಾತಲ್ಲ. ಆ ನಾಲ್ಕರಲ್ಲಿ ಒಂದು, ಪಯಾನ್ ಕಣವು ಎಲೆಕ್ಟ್ರಾನ್ ಆಗಿ ಕ್ಷಯಿಸುವುದಕ್ಕೆ ಸಂಬಂಧಿಸಿದ್ದು. ಹಿಂದಿನ ಪ್ರಯೋಗಗಳಲ್ಲಿ ಅಂಥ ಕ್ಷಯ ಕಂಡಿರಲಿಲ್ಲ. ಹತ್ತು ಸಾವಿರದಲ್ಲಿ ಸುಮಾರು ಒಂದು ಪಯಾನ್ ಹಾಗೆ ಕ್ಷಯಿಸಬೇಕೆಂಬುದು ಹೊಸ ಸಿದ್ಧಾಂತದ ಲೆಕ್ಕ. 1958ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಅದು ಪತ್ತೆಯಾಯಿತು. ಉಳಿದ ಮೂರು ಫಲಿತಾಂಶಗಳೂ ಒಂದೊಂದಾಗಿ ತಿದ್ದುಪಡಿಗೊಂಡವು. ಪಠ್ಯಪುಸ್ತಕದಲ್ಲಿ ಪ್ರಯೋಗವೇ ಅಂತಿಮ ತೀರ್ಪು ಎಂದು ಓದಿ ಬೆಳೆದ ಮಕ್ಕಳು ಈ ಫಲಕದ ಮುಂದೆ ನಿಂತು ವಾದಿಸಿದ್ದಾರೆ. ಬೋಧನಾ ಸಾಮಗ್ರಿಯೊಂದರಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸುವುದಿಲ್ಲ.

ಇದೇ ಮಟ್ಟ ಏಳನೆಯ ಫಲಕದಲ್ಲಿ ಉಳಿಯುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ರಾಯ್ ಗ್ಲೌಬರ್ ಅವರು ಬೆಳಕಿನ ಸುಸಂಬದ್ಧತೆಯ (ಅಲೆಗಳು ಹೆಜ್ಜೆ ಕೂಡಿಸಿ ಸಾಗುವ ಗುಣದ) ಕ್ವಾಂಟಮ್ ಸಿದ್ಧಾಂತದ ಪ್ರಬಂಧಗಳನ್ನು ಪ್ರಕಟಿಸಿದ 1963ರಲ್ಲೇ ಸುದರ್ಶನ್ ಅವರೂ ಬೆಳಕಿನ ಕ್ವಾಂಟಮ್ ಸ್ಥಿತಿಯನ್ನು ಸುಸಂಬದ್ಧ ಸ್ಥಿತಿಗಳ ತೂಕಬದ್ಧ ಮಿಶ್ರಣವಾಗಿ ಬರೆಯುವ ವಿಧಾನವನ್ನು ಕೊಟ್ಟರು. ಆ ತೂಕವು ಸಾಮಾನ್ಯ ಸಂಭವನೀಯತೆಯಂತೆ ವರ್ತಿಸಿದರೆ ಬೆಳಕನ್ನು ಹಳೆಯ ತರಂಗ ಸಿದ್ಧಾಂತದಿಂದಲೇ ವಿವರಿಸಬಹುದು. ಅದು ಋಣಾತ್ಮಕವಾದರೆ ಆ ಬೆಳಕು ಅಪ್ಪಟ ಕ್ವಾಂಟಮ್. ಎರಡು ವಾಕ್ಯಗಳಲ್ಲಿ ಹೇಳಬಹುದಾದ ಈ ಸಂಗತಿಗೆ ಫಲಕದಲ್ಲಿ ಜಾಗವಿಲ್ಲ, ಲೇಸರ್ ಕಿರಣದ ದೊಡ್ಡ ಚಿತ್ರಕ್ಕೆ ಮಾತ್ರ ಜಾಗವಿದೆ.

ಎಂಟನೆಯದರಲ್ಲಿ ದೋಷವೇ ಇದೆ. ಬೆಳಕಿಗಿಂತ ವೇಗವಾದ ಕಣಗಳನ್ನು ಸುದರ್ಶನ್ 'ಕಂಡುಹಿಡಿದರು' ಎಂದು ಅದರ ಶೀರ್ಷಿಕೆ ಸಾರುತ್ತದೆ. 1962ರಲ್ಲಿ ಬಿಲಾನಿಯುಕ್ ಮತ್ತು ದೇಶಪಾಂಡೆ ಅವರೊಂದಿಗೆ ಅವರು ತೋರಿಸಿದ್ದು, ಅಂಥ ಕಣಗಳನ್ನು ಸಾಪೇಕ್ಷತಾ ಸಿದ್ಧಾಂತ ನಿಷೇಧಿಸುವುದಿಲ್ಲ ಎಂದಷ್ಟೇ. ಟ್ಯಾಕಿಯಾನ್ ಎಂಬ ಹೆಸರನ್ನಿಟ್ಟವರು ಜೆರಾಲ್ಡ್ ಫೈನ್‌ಬರ್ಗ್, ಮತ್ತು ಅಂಥ ಕಣ ಈವರೆಗೆ ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ. ಈ ಶೀರ್ಷಿಕೆಯ ಮೇಲೆ ನಾವು ಬಿಳಿ ಕಾಗದ ಅಂಟಿಸಿದ್ದೇವೆ. ಕ್ವಾಂಟಮ್ ಜೀನೋ ಪರಿಣಾಮವನ್ನು ಕುರಿತ ಒಂಬತ್ತನೆಯ ಫಲಕ ಚೆನ್ನಾಗಿದೆ: ಬೈದ್ಯನಾಥ ಮಿಶ್ರ ಅವರೊಂದಿಗೆ 1977ರಲ್ಲಿ ಬರೆದ ಪ್ರಬಂಧವನ್ನೂ, ಪದೇ ಪದೇ ಅಳೆದರೆ ಕ್ವಾಂಟಮ್ ವ್ಯವಸ್ಥೆ ತನ್ನ ಸ್ಥಿತಿಯಿಂದ ಕದಲುವುದಿಲ್ಲ ಎಂಬ ಆ ಲೆಕ್ಕಾಚಾರಕ್ಕೆ 1990ರಲ್ಲಿ ಬೆರಿಲಿಯಂ ಅಯಾನುಗಳ ಪ್ರಯೋಗದಿಂದ ದೊರೆತ ಬೆಂಬಲವನ್ನೂ ಸರಳವಾಗಿ ಹೇಳಿದೆ.

ಕೊನೆಯ ಮೂರು ಫಲಕಗಳ ಬಗ್ಗೆ ನನ್ನ ತಕರಾರು ದೊಡ್ಡದು. ಅವು ಬಹುಮಟ್ಟಿಗೆ ಕೈತಪ್ಪಿದ ನೊಬೆಲ್‌ನ ಕಥೆ. ಅಸಮಾಧಾನಕ್ಕೆ ಕಾರಣವಿತ್ತು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. 1957ರ ಏಪ್ರಿಲ್‌ನ ರಾಚೆಸ್ಟರ್ ಸಮ್ಮೇಳನದಲ್ಲಿ ವಿದ್ಯಾರ್ಥಿಯಾಗಿದ್ದ ಸುದರ್ಶನ್ ಅವರಿಗೆ ವಿ ಮೈನಸ್ ಎ ಪ್ರಬಂಧ ಮಂಡಿಸುವ ಅವಕಾಶ ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಪಡುವಾ–ವೆನಿಸ್ ಸಮ್ಮೇಳನದಲ್ಲಿ ಅದು ಮಂಡನೆಯಾಯಿತು. ಆದರೆ ಸಮ್ಮೇಳನದ ಸಂಪುಟ ಅಚ್ಚಾಗುವ ಮೊದಲೇ, 1958ರ ಜನವರಿಯಲ್ಲಿ, ಅದೇ ಸಿದ್ಧಾಂತವನ್ನು ಕುರಿತ ಫೈನ್‌ಮನ್ ಮತ್ತು ಗೆಲ್‌ಮನ್ ಅವರ ಪ್ರಬಂಧ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತು ಅದನ್ನೇ ಓದಿತು. ಮೊದಲು ಕಂಡವರು ಸುದರ್ಶನ್ ಮತ್ತು ಮಾರ್ಷಾಕ್ ಎಂಬುದನ್ನು ಫೈನ್‌ಮನ್ ಮುಂದೆ ಒಪ್ಪಿಕೊಂಡರು. ಏಳನೆಯ ಫಲಕದ ಆ ಬೆಳಕಿನ ಸಿದ್ಧಾಂತಕ್ಕಾಗಿ 2005ರಲ್ಲಿ ನೊಬೆಲ್‌ನ ಅರ್ಧ ಭಾಗ ಗ್ಲೌಬರ್ ಅವರಿಗೆ ಸಂದಾಗ ಸುದರ್ಶನ್ ಸಮಿತಿಗೆ ಪತ್ರ ಬರೆದು ಆಕ್ಷೇಪಿಸಿದ್ದೂ ಹೌದು. ಇವಿಷ್ಟನ್ನು ಒಂದು ಫಲಕದಲ್ಲಿ, ತಾರೀಕುಗಳ ಸಮೇತ ಹೇಳಿದ್ದರೆ ಸಾಕಾಗುತ್ತಿತ್ತು. ಮೂರು ಫಲಕಗಳ ದುಃಖಗೀತೆಯಿಂದಾಗಿ ಮಕ್ಕಳು ಅವರನ್ನು ಬಹುಮಾನ ಸಿಗದವರು ಎಂದು ಗುರುತಿಸತೊಡಗಿದರು. ವಿ ಮೈನಸ್ ಎ ಹಿಂದೆ ಬಿತ್ತು.

ಈ ಜಾಗದಲ್ಲಿ ಬರಬೇಕಾಗಿದ್ದುದು ಬೇರೆಯೇ ಇತ್ತು. 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಆರಂಭವಾದದ್ದು ಸುದರ್ಶನ್ ಅವರಿಂದ. ರಾಚೆಸ್ಟರ್‌ನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಎನ್. ಮುಕುಂದ ಅವರು ಈ ಕೇಂದ್ರದಲ್ಲಿ ದೀರ್ಘಕಾಲ ದುಡಿದರು. ಗುರುಶಿಷ್ಯರಿಬ್ಬರೂ ಸೇರಿ 1974ರಲ್ಲಿ ಚಲನವಿಜ್ಞಾನದ ದೊಡ್ಡ ಗ್ರಂಥವೊಂದನ್ನು ಹೊರತಂದರು. 1969ರಿಂದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ 1980ರ ದಶಕದಲ್ಲಿ ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ನಿರ್ದೇಶಕರಾಗಿ ಅದನ್ನು ಬೆಳೆಸಿದರು. ಬೆಂಗಳೂರಿನಲ್ಲೇ ಅಚ್ಚಾದ ಕನ್ನಡ ಫಲಕಗಳಲ್ಲಿ ಬೆಂಗಳೂರಿನ ಅಧ್ಯಾಯಕ್ಕೆ ಒಂದೇ ಸಾಲು ಸಿಕ್ಕಿರುವುದು ವಿಚಿತ್ರ. 1976ರ ಪದ್ಮಭೂಷಣ, 2007ರ ಪದ್ಮವಿಭೂಷಣ, 2010ರ ಡಿರಾಕ್ ಪದಕಗಳ ಪಟ್ಟಿ ಮೂಲೆಯಲ್ಲಿದೆ, ಅದರ ಕೆಳಗೆ 2018ರ ಮೇ 13ರಂದು ಆಸ್ಟಿನ್‌ನಲ್ಲಿ ನಿಧನರಾದ ಉಲ್ಲೇಖ.

ಇಷ್ಟೆಲ್ಲ ಹೇಳಿಯೂ ಕೊಳ್ಳಬಹುದೆಂದೇ ನನ್ನ ಶಿಫಾರಸು, ಆದರೆ ಇಡೀ ಗುಚ್ಛವನ್ನಲ್ಲ. ಬಿಡಿ ಫಲಕಗಳನ್ನೂ ಮಾರುತ್ತಾರೆ. ಐದು, ಆರು ಮತ್ತು ಒಂಬತ್ತನ್ನು ಆರಿಸಿಕೊಂಡರೆ ಹಣವೂ ಉಳಿಯುತ್ತದೆ, ಗೋಡೆಯೂ ತುಂಬುತ್ತದೆ. ಸಾಗಣೆಯ ಪೆಟ್ಟಿಗೆ ಬರಿಯ ರಟ್ಟಿನದಾದ್ದರಿಂದ ಕೊಡಗಿನ ಶಾಲೆಗಳು ಮಳೆ ಪೂರ್ತಿ ಬಿಟ್ಟ ಮೇಲೆ, ಪುತ್ತರಿಯ ಹೊತ್ತಿಗೆ ತರಿಸಿಕೊಳ್ಳುವುದು ಲೇಸು.