ಖಾನ್ ಅಕಾಡೆಮಿ ಕಿಡ್ಸ್, ಎಂಡ್‌ಲೆಸ್ ಆಲ್ಫಬೆಟ್, ಟೋಕಾ ಕಿಚನ್ 2: ಮೂರೂವರೆ ವರ್ಷದ ಮಗಳ ಜೊತೆ ಆಡಿ ನೋಡಿದ್ದು

ಮಗಳಿಗೆ ಈಗ ಮೂರೂವರೆ ವರ್ಷ. ಅವಳ ಪಕ್ಕ ಕೂತು ನಾಲ್ಕು ಕಲಿಕೆಯ ಆಪ್ ನೋಡಿದೆ. ಒಂದಕ್ಕೆ ಎರಡು ವಾರ, ದಿನಕ್ಕೆ ಇಪ್ಪತ್ತು ನಿಮಿಷ ಅಂತ ಲೆಕ್ಕ ಹಾಕಿಕೊಂಡಿದ್ದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇರುವ ಸ್ವಲ್ಪ ಹೊತ್ತು ಸುಮ್ನೆ ಹಾಳಾಗಬಾರದು ಅಲ್ವಾ? ಅದಕ್ಕೇ ಆಡುವಾಗ ನಾನು ಸ್ಕ್ರೀನಿಗಿಂತ ಜಾಸ್ತಿ ನೋಡಿದ್ದು ಅವಳ ಕೈಯನ್ನು.

ಮೊದಲು ಡಿಲೀಟ್ ಮಾಡಿದ್ದನ್ನು ಹೇಳಿಬಿಡುತ್ತೇನೆ. ಅದರ ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಬಣ್ಣ ಗುರುತಿಸಿ ಬಲೂನು ಒಡೆಯುವ ಆಟ. ಮೂರು ಬಲೂನು ಒಡೆದರೆ ಒಂದು ಜಾಹೀರಾತು. ಅದನ್ನು ಮುಚ್ಚುವ ಗುರುತು ಮೂಲೆಯಲ್ಲಿ ಎಳ್ಳುಕಾಳಿನಷ್ಟು. ಪುಟ್ಟ ಬೆರಳು ಅದಕ್ಕೆ ತಾಗುವುದಾದರೂ ಹೇಗೆ? ಜಾಹೀರಾತಿಗೇ ತಾಗಿ ಇನ್ನೊಂದು ಆಟ ಇನ್‌ಸ್ಟಾಲ್ ಮಾಡುವ ಪುಟ ತೆರೆದುಕೊಂಡಿತು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಬೇರೆ. ಸರಿ ಒತ್ತಿದರೂ ನಕ್ಷತ್ರ, ತಪ್ಪು ಒತ್ತಿದರೂ ನಕ್ಷತ್ರ. ನಾಲ್ಕನೇ ದಿನಕ್ಕೆ ಅವಳು ಬಣ್ಣ ನೋಡುವುದನ್ನೇ ಬಿಟ್ಟು ಎರಡೂ ಕೈಯಿಂದ ಸ್ಕ್ರೀನ್ ಬಡಿಯುತ್ತಿದ್ದಳು. ಆಫ್ ಮಾಡಿದರೆ ರಂಪ. ಅವತ್ತೇ ತೆಗೆದುಹಾಕಿದೆ.

ಖಾನ್ ಅಕಾಡೆಮಿ ಕಿಡ್ಸ್ ಇದಕ್ಕೆ ಪೂರ್ತಿ ಉಲ್ಟಾ. 2018ರಲ್ಲಿ ಬಂದದ್ದು, ಎರಡರಿಂದ ಎಂಟು ವರ್ಷದವರಿಗೆ. ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ, ಹಾಗಾಗಿ ಪೂರ್ತಿ ಉಚಿತ. ಜಾಹೀರಾತಿಲ್ಲ, ಬೀಗ ಹಾಕಿದ ಪಾಠಗಳಿಲ್ಲ. ಅಕ್ಷರ, ಎಣಿಕೆ, ಕಥೆ, ಚಿತ್ರ ಎಲ್ಲ ಒಂದೇ ಕಡೆ. ಒಂದೇ ಆಪ್ ಹಾಕಿಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಪಕ್ಕದಲ್ಲಿ ಕೂತು ಹೇಳುವವರು ಬೇಕು. ನಾನು ಹೇಗೂ ಕೂತಿರುತ್ತಿದ್ದೆ, ನಮಗದು ತೊಡಕಾಗಲಿಲ್ಲ.

ಆದರೆ ಅಕ್ಷರದ ವಿಷಯ ಒಂದನ್ನೇ ತೆಗೆದುಕೊಂಡರೆ ನನ್ನ ಓಟು ಎಂಡ್‌ಲೆಸ್ ಆಲ್ಫಬೆಟ್‌ಗೆ. ಅದು ಮಾಡುವುದು ಒಂದೇ ಕೆಲಸ. ಚೆಲ್ಲಾಪಿಲ್ಲಿಯಾದ ಅಕ್ಷರಗಳನ್ನು ಎಳೆದು ತಂದು ಪದ ಕೂಡಿಸಬೇಕು. ಬೆರಳು ಎಳೆಯುತ್ತಿರುವಷ್ಟು ಹೊತ್ತೂ ಆ ಅಕ್ಷರ ತನ್ನ ಸದ್ದು ಮಾಡುತ್ತಿರುತ್ತದೆ. ಪದ ಮುಗಿದ ಮೇಲೆ ಅದರ ಅರ್ಥ ತೋರಿಸುವ ಪುಟ್ಟ ದೃಶ್ಯ. ಮಗಳು 'ಬಿ' ಅಕ್ಷರವನ್ನು ಜಾಗಕ್ಕೆ ಹಾಕದೆ, ಆ ಕಡೆಯಿಂದ ಈ ಕಡೆಗೆ ನಿಧಾನ ಎಳೆದಾಡುತ್ತಾ ಕೂತಳು. ಸದ್ದಿನ ಜೊತೆಗೇ ಅವಳ ತುಟಿಯೂ ಅಲುಗುತ್ತಿತ್ತು. ಆಪ್ ಅವಸರ ಮಾಡಲಿಲ್ಲ, ನಾನೂ ಮಾಡಲಿಲ್ಲ. ಸಂಜೆ ಸ್ನಾನ ಮಾಡಿಸುವಾಗ ಬಕೆಟ್ ತೋರಿಸಿ "ಬ್ ಬ್ ಬ್" ಅಂದಳು. ಇದರಲ್ಲಿ ಕೆಲವೇ ಪದ ಉಚಿತ, ಉಳಿದದ್ದಕ್ಕೆ ದುಡ್ಡು ಕೊಡಬೇಕು. ಉಚಿತ ಪದಗಳನ್ನು ಆಡಿಸಿ ನೋಡಿದ ಮೇಲೆ ಕೊಳ್ಳುವುದು ಒಳ್ಳೆಯದು.

ಟೋಕಾ ಕಿಚನ್ 2ರಲ್ಲಿ ಪಾಠವೇ ಇಲ್ಲ, ಅಂಕವೂ ಇಲ್ಲ, ಸೋಲು-ಗೆಲುವೂ ಇಲ್ಲ. ಏನು ಬೇಕಾದರೂ ಹೆಚ್ಚಿ, ಕರಿದು, ಅರೆದು ಎದುರಿಗಿರುವವರಿಗೆ ತಿನ್ನಿಸಬಹುದು. ರುಚಿಗೆ ತಕ್ಕಂತೆ ಅವರ ಮುಖ ಬದಲಾಗುತ್ತದೆ. ಇದರಲ್ಲಿ ಏನು ಕಲಿತಾಳು ಎಂದು ಮೊದಲು ಅನ್ನಿಸಿತ್ತು. ಅವಳು ಮೀನನ್ನೇ ಜ್ಯೂಸ್ ಮಾಡಿದಳು. ಕುಡಿಸುವ ಮೊದಲು ನನ್ನ ಕಡೆ ತಿರುಗಿ, "ಕುಡೀತಾರಾ? ಛೀ ಅಂತಾರಾ?" ಎಂದು ಕೇಳಿದಳು. ಮುಂದೇನಾಗಬಹುದು ಎಂದು ಊಹಿಸಿ ಕಾಯುವುದು ಕಲಿಕೆಯೇ. ನಾಲ್ಕು ಆಪ್‌ಗಳ ಪೈಕಿ ನಮ್ಮಿಬ್ಬರ ನಡುವೆ ಅತಿ ಹೆಚ್ಚು ಮಾತು ಹುಟ್ಟಿಸಿದ್ದು ಇದೇ.

ಇನ್ನೊಂದು ವಿಷಯ. ಆಕಾರ ಜೋಡಿಸುವ ಆಟಗಳನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ. ಸ್ಕ್ರೀನಿನಲ್ಲಿ ತ್ರಿಕೋನವನ್ನು ಹತ್ತಿರ ತಂದರೆ ಸಾಕು, ತಾನೇ ಹೋಗಿ ಜಾಗದಲ್ಲಿ ಕೂರುತ್ತದೆ. ಮರದ ತ್ರಿಕೋನ ಕೊಟ್ಟಾಗ ಮಗಳು ಅದನ್ನು ತಿರುಗಿಸದೆ ಒತ್ತುತ್ತಲೇ ಇದ್ದಳು. ಬಿಲ್ಲೆಯನ್ನು ತಿರುಗಿಸಿ ಕೂರಿಸುವುದು ಕೈಗೆ ಬರಬೇಕಾದ ಕೆಲಸ. ಅದಕ್ಕೆ ಮರದ್ದೇ ಬೇಕು.

ಯಾವ ಆಪ್ ಆದರೂ ಮಗುವಿಗೆ ಕೊಡುವ ಮೊದಲು ಹತ್ತು ನಿಮಿಷ ನೀವೇ ಆಡಿ. ಬೇಕಂತಲೇ ತಪ್ಪು ಒತ್ತಿ, ಅದು ಏನು ಮಾಡುತ್ತದೆ ನೋಡಿ. ನೆಟ್ ಆಫ್ ಮಾಡಿಯೂ ನಡೆಯುತ್ತದಾ ನೋಡಿ. ಮಗು ಬೇರೆ ಕಡೆ ಹೋಗದ ಹಾಗೆ ಐಪ್ಯಾಡಿನಲ್ಲಿ ಗೈಡೆಡ್ ಆ್ಯಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ.

ಅಕ್ಕನ ಮಗನಿಗೆ ಎರಡು ವರ್ಷ. ಉಳಿದ ಮೂರನ್ನೂ ಅವನಿಗೆ ಒಂದೊಂದು ದಿನ ಕೊಟ್ಟು ನೋಡಿದೆವು. ಎಲ್ಲದರಲ್ಲೂ ಅಂಗೈಯಿಂದ ತಟ್ಟಿದ, ಅಷ್ಟೇ. ಅವನಿಗೆ ಸದ್ಯಕ್ಕೆ ಡಬ್ಬಿ, ಮುಚ್ಚಳ ಕೊಟ್ಟಿದ್ದೇವೆ. ಮುಚ್ಚಳವನ್ನು ತಿರುಗಿಸಿ ಕೂರಿಸುವುದನ್ನು ಆಗಲೇ ಕಲಿತಿದ್ದಾನೆ.