ಹೊಸ ವೆಬ್‌ಸೈಟು, ಹಳೇ ಗೈಡ್ ಪಟ್ಟಿ: ಪುಣೆಯ ಒಂದು ವಿಜ್ಞಾನ ವಿಭಾಗ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಎಂ.ಎಸ್ಸಿ. ಮುಗಿಸಿದವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸ್ವಾರಗೇಟ್, ಊರಲ್ಲಿ ನೆಂಟರ ಮನೆಯೂ ಇರುತ್ತದೆ. ಪಿಎಚ್.ಡಿ.ಗೆ ಇಲ್ಲಿಗೇ ಬರಬೇಕೆನ್ನುವವರು ವಿಭಾಗಗಳ ವೆಬ್‌ಸೈಟನ್ನು ಮೊಬೈಲಿನಲ್ಲೇ ಜಾಲಾಡುತ್ತಾರೆ. ಇಲ್ಲಿ ನೋಡುತ್ತಿರುವುದು ಅಂಥದೊಂದು ವಿಭಾಗದ ಸೈಟು, ಹೆಸರು ಬೇಡ. ಇತ್ತೀಚೆಗೆ ಹೊಸದಾಗಿ ಮಾಡಿಸಿದ್ದಾರೆ, ನೋಟ ಚೆನ್ನಾಗಿದೆ. ಸಂಶೋಧನೆಗೆ ಬರುವವರಿಗೆ ಬೇಕಾದದ್ದು ಮಾತ್ರ ಅರ್ಧಕ್ಕರ್ಧ ಸಿಗುವುದಿಲ್ಲ.

ಪಿಎಚ್.ಡಿ.ಗೆ ಹೊರಟವರು ಮೊದಲು ಹುಡುಕುವುದು ಗೈಡನ್ನು. ಇಲ್ಲಿ ಪ್ರಾಧ್ಯಾಪಕರ ಪುಟ ತೆರೆದರೆ ಫೋಟೊ, ಪದವಿಗಳು, ಪ್ರಕಟಿತ ಲೇಖನಗಳ ಉದ್ದನೆಯ ಪಟ್ಟಿ. ಲ್ಯಾಬಿನಲ್ಲಿ ಈಗ ಯಾವ ಕೆಲಸ ನಡೆದಿದೆ ಎಂಬುದಕ್ಕೆ ಎರಡು ಸಾಲೂ ಇಲ್ಲ. ಆ ಎರಡು ಸಾಲೇ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು.

ದೊಡ್ಡ ಪೆಟ್ಟು ಬಿದ್ದಿರುವುದು ಸೀಟಿನ ಲೆಕ್ಕಕ್ಕೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಏಕಕಾಲಕ್ಕೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಗೈಡ್ ಆಗಬಹುದು. ಯಾರ ಕೈಕೆಳಗೆ ಯಾರಿದ್ದಾರೆ, ವಿಷಯವೇನು, ಸೇರಿದ್ದು ಯಾವಾಗ ಎಂಬ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಿ ಪ್ರತಿ ಶೈಕ್ಷಣಿಕ ವರ್ಷ ತಿದ್ದಬೇಕು. ಇಲ್ಲಿ ಪಟ್ಟಿಯೇನೋ ಇದೆ, ಆದರೆ ಪದವಿ ಪಡೆದು ಹೋದವರ ಹೆಸರೂ ಅದರಲ್ಲೇ ಉಳಿದಿದೆ. ಒಬ್ಬ ಅಸೋಸಿಯೇಟ್ ಪ್ರೊಫೆಸರರ ಹೆಸರಿನ ಕೆಳಗೆ 7 ಜನ! ನೋಡಿದವರು ಜಾಗವಿಲ್ಲವೆಂದು ಮುಂದೆ ಹೋಗುತ್ತಾರೆ. ನಿಜದಲ್ಲಿ ಎರಡು ಮೂರು ಸೀಟು ಖಾಲಿ ಇರಬಹುದು. ತದ್ವಿರುದ್ಧ ತೊಂದರೆಯೂ ಇದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅಂಥವರ ಹೆಸರಿನ ಮುಂದೆ ಆ ಮಾತು ಬರೆಯದಿದ್ದರೆ ವಿದ್ಯಾರ್ಥಿಯ ಒಂದು ತಿಂಗಳು ಪತ್ರ ಬರೆಯುವುದರಲ್ಲೇ ಹೋಗುತ್ತದೆ.

ಇಂಥ ಪಟ್ಟಿ ಹಳಸಲು ಸಾಮಾನ್ಯ ಕಾರಣ, ಸೈಟಿನ ಲಾಗಿನ್ ವಿಭಾಗದ ಕೈಯಲ್ಲಿ ಇಲ್ಲದಿರುವುದು. ಒಂದು ಹೆಸರು ತೆಗೆಸಲು ಕಂಪ್ಯೂಟರ್ ಕೇಂದ್ರಕ್ಕೆ ಅರ್ಜಿ ಹೋಗಬೇಕು. ಗೂಗಲ್ ಶೀಟ್ ಒಂದನ್ನು ಪುಟದೊಳಗೆ ಕೂರಿಸಿ, ತಿದ್ದುವ ಅಧಿಕಾರವನ್ನು ಒಬ್ಬ ಗುಮಾಸ್ತರಿಗೂ ಒಬ್ಬ ಹಿರಿಯ ಸಂಶೋಧನಾ ವಿದ್ಯಾರ್ಥಿಗೂ ಕೊಟ್ಟರೆ ಸಾಕು. ಕಾಲಂಗಳು: ಗೈಡ್, ಹುದ್ದೆ, ವಿಷಯ, ಮಿತಿ, ಈಗಿರುವವರು, ಖಾಲಿ, ತಿದ್ದಿದ ದಿನಾಂಕ. ಕೊನೆಯ ಕಾಲಂ ಬಿಡಲೇಬಾರದು. ದಿನಾಂಕವಿಲ್ಲದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಹಣದ ಪುಟದಲ್ಲಿ ಜೆಆರ್‌ಎಫ್ (ಸಂಶೋಧನೆಯ ಮೊದಲ ವರ್ಷಗಳ ಫೆಲೋಶಿಪ್) ಇನ್ನೂ ತಿಂಗಳಿಗೆ 31,000 ರೂಪಾಯಿ ಎಂದಿದೆ. 2023ರ ಜನವರಿಯಿಂದ ಅದು 37,000, ಆಮೇಲಿನ ವರ್ಷಗಳ ಎಸ್‌ಆರ್‌ಎಫ್ 42,000. ಪ್ರವೇಶದ ಪುಟವೂ ಹಿಂದುಳಿದಿದೆ. 2024ರ ಜೂನ್‌ನಿಂದ ಜೆಆರ್‌ಎಫ್ ಸಿಗದವರೂ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕದ ಮೇಲೆ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು: ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30, ಅಂಕದ ಆಯುಷ್ಯ ಒಂದು ವರ್ಷ. ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಸೈಟು ಹೇಳುವುದೇ ಇಲ್ಲ.

ಈಚಿನ ಪ್ರಕಟಣೆಗಳೆಲ್ಲ ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಒಂದೊಂದೂ 10 ಎಂಬಿ ಮೇಲೆ, ಮೊಬೈಲಿನಲ್ಲಿ ತೆರೆಯುವಷ್ಟರಲ್ಲಿ ಸಾಕಾಗುತ್ತದೆ. ಚಿತ್ರವಾದ್ದರಿಂದ ಒಳಗೆ ಪದ ಹುಡುಕಲೂ ಆಗದು. ಹಳೆಯ ಮರಾಠಿ ಪ್ರಕಟಣೆಗಳಿಗೆ ಕನ್ನಡದ ‘ನುಡಿ’, ‘ಬರಹ’ದ ಹಳೆಯ ಫಾಂಟುಗಳ ಕಡತಗಳಿಗಿರುವ ರೋಗವೇ: ಕಾಪಿ ಮಾಡಿ ಅನುವಾದಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು. ಕನ್ನಡದ ಹುಡುಗರು ಅಲ್ಲೇ ನಿಲ್ಲುತ್ತಾರೆ. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡಿನಲ್ಲಿ ಟೈಪಿಸಿ ವರ್ಡ್‌ನಿಂದ ನೇರ ಪಿಡಿಎಫ್ ಮಾಡಿದರೆ ಎರಡೂ ತೊಂದರೆ ತೀರುತ್ತವೆ. ಸಹಿಯ ಪ್ರತಿ ಬೇಕಿದ್ದರೆ ಎರಡನೇ ಲಿಂಕಿನಲ್ಲಿರಲಿ.

ಮೆಚ್ಚಬೇಕಾದದ್ದೂ ಇದೆ. ಉಪಕರಣಗಳ ಪುಟ ತುಂಬ ಅಚ್ಚುಕಟ್ಟು: ಯಾವ ಯಂತ್ರ, ಯಾವ ಕೋಣೆ, ಯಾರನ್ನು ಕೇಳಬೇಕು, ಎಲ್ಲ ಒಂದೇ ಕಡೆ. ಹಾಸ್ಟೆಲ್ ಶುಲ್ಕವೂ ಸ್ಪಷ್ಟ. ಒಟ್ಟಾರೆ 5ಕ್ಕೆ 2.5.

ಪಟ್ಟಿ ಸರಿಯಾಗುವವರೆಗೆ ಅರ್ಜಿದಾರರಿಗೆ ಒಂದು ದಾರಿಯಿದೆ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಗೈಡ್ ಹೆಸರು ಹಾಕಿ ಹುಡುಕಿ. ವಿಭಾಗದ ಪಟ್ಟಿಯಲ್ಲಿರುವ ವಿದ್ಯಾರ್ಥಿಯ ಪ್ರಬಂಧ ಅಲ್ಲಿ ಸಿಕ್ಕರೆ ಅವರು ಮುಗಿಸಿ ಹೋಗಿದ್ದಾರೆಂದೇ ಲೆಕ್ಕ. ಆ ಹೆಸರುಗಳನ್ನು ಕಳೆದು ಉಳಿದವರನ್ನು ಎಣಿಸಿ, ಆಮೇಲೆ ಗೈಡ್‌ಗೆ ಬರೆಯಿರಿ.